ಎಡೆಗಿಟ್ಟ ಕಂಪ್ಯೂಟರು

ಪಕ್ಷದ ಅಡುಗೆಗೆ ಉಪ್ಪು ನೋಡುವಂತಿಲ್ಲ. ನಮ್ಮ ಮನೆಯ ಕಟ್ಟುಪಾಡುಗಳಲ್ಲಿ ಮುಕ್ಕಾಲು ಪಾಲನ್ನು ನಾನು ಮದುವೆಯಾಗಿ ನಾಗಮಂಗಲಕ್ಕೆ ಬರುವಷ್ಟರಲ್ಲೇ ಮರೆತಿದ್ದೆ, ಇದೊಂದನ್ನು ಮಾತ್ರ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವ ದಿನ ಅವ್ವ ಬೆಳಗಿನಿಂದ ಒಲೆಯ ಮುಂದೆ ಕೂತು ಕಜ್ಜಾಯ, ವಡೆ, ಕೋಳಿಸಾರು, ಮುದ್ದೆ ಎಲ್ಲವನ್ನೂ ಮಾಡುತ್ತಿದ್ದಳು. ಒಂದು ಹನಿ ಸಾರನ್ನೂ ಅಂಗೈಗೆ ಹಾಕಿಕೊಂಡು ನೆಕ್ಕುತ್ತಿರಲಿಲ್ಲ. ಮೊದಲು ಅವರು ಉಣ್ಣಬೇಕು, ಆಮೇಲೆ ನಾವು. ನಾವು ಮೊದಲು ಬಾಯಿಗಿಟ್ಟರೆ ಅದು ಎಂಜಲು, ಎಂಜಲು ಅವರಿಗೆ ಸೇರುವುದಿಲ್ಲ. ನಡುಮನೆಯಲ್ಲಿ ಫೋಟೋಗಳ ಮುಂದೆ ಬಾಳೆಲೆ ಹಾಸಿ, ಹೊಸ ಬಟ್ಟೆ ಮಡಿಸಿಟ್ಟು, ತಾತನಿಗೆ ಒಂದು ಕಟ್ಟು ಬೀಡಿ, ಅಜ್ಜಿಗೆ ಎಲೆ ಅಡಿಕೆ ಹೊಗೆಸೊಪ್ಪು ಇಟ್ಟು, ಸಾಂಬ್ರಾಣಿ ಹೊಗೆ ತುಂಬಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಿದ್ದೆವು. ಜಗಲಿಯ ಮೇಲೆ ಕೂತು ಕಾಯುವುದು. ಒಳಗೆ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಅಪ್ಪ ಬಾಗಿಲು ತಟ್ಟಿ ತೆರೆಯುತ್ತಿದ್ದ. ಎಡೆಗಿಟ್ಟ ಬಟ್ಟೆಯನ್ನು ಮನೆಯವರು ಉಡಬೇಕು, ಬೀಡಿಯನ್ನು ಅಪ್ಪ ಸೇದಬೇಕು, ಊಟವನ್ನು ಎಲ್ಲರೂ ಉಣ್ಣಬೇಕು. ಇಟ್ಟದ್ದು ಯಾರಿಗೂ ಬಳಕೆಯಾಗದೆ ಉಳಿದರೆ ಅವರು ಮುಟ್ಟಲಿಲ್ಲ ಎಂದೇ ಲೆಕ್ಕ. ಈಗ ನನ್ನ ಕೆಲಸ ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಸರಿಮಾಡುವುದು. ಅಂಗಡಿಗೆ ಬಂದವರು ಎಲ್ಲಿ ಕಲಿತಿರಿ ಮೇಡಂ ಎಂದು ಕೇಳುತ್ತಾರೆ. ಎಡೆ ಇಡುವುದರಲ್ಲಿ ಕಲಿತೆ ಎಂದರೆ ಯಾರು ನಂಬುತ್ತಾರೆ? ಯಾವುದೋ ಕೋರ್ಸಿನ ಹೆಸರು ಹೇಳಿ ಸುಮ್ಮನಾಗುತ್ತೇನೆ.

ನಮ್ಮ ಮನೆ ಇದ್ದದ್ದು ಪಾಂಡವಪುರದಿಂದ ರೈಲ್ವೆ ಸ್ಟೇಷನ್ನಿನ ಕಡೆಗೆ ಹೋಗುವಾಗ ಸಿಗುವ ಒಂದು ಬೀದಿಯಲ್ಲಿ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕಕ್ಕೆ ರಾಗಿ ಚೀಲ ಪೇರಿಸಿದ ಒಂದು ಕೋಣೆ. ಅಪ್ಪ ಲಾರಿ ಡ್ರೈವರ್. ಲಾರಿ ಬೇರೆಯವರದು, ಆದರೆ ಅಪ್ಪ ಅದನ್ನು ಒರೆಸುವುದು ನೋಡಿದವರು ಅವನದೇ ಅಂದುಕೊಳ್ಳುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಹಗಲೂ ರಾತ್ರಿ ಕಬ್ಬು ಹೊಡೆಯುತ್ತಿದ್ದ, ಉಳಿದ ದಿನಗಳಲ್ಲಿ ಇಟ್ಟಿಗೆ, ಮರಳು, ಬೆಲ್ಲ. ನನ್ನ ಅಣ್ಣ ಯೋಗೇಶ, ಮನೆಯಲ್ಲಿ ಯೋಗಿ, ಚಿಕ್ಕವನಿದ್ದಾಗ ರಜೆ ಬಂದರೆ ಸಾಕು ಅಪ್ಪನ ಪಕ್ಕ ಕ್ಲೀನರ್ ಸೀಟಿನಲ್ಲಿ ಕೂತು ಹೋಗುತ್ತಿದ್ದ. ತಿರುವಿನಲ್ಲಿ ಅಪ್ಪನಿಗೆ ಎಡಮಗ್ಗುಲು ಕಾಣುತ್ತಿರಲಿಲ್ಲ, ಹೊರೆ ಅಷ್ಟು ಅಗಲ. ಆಗ ಅಪ್ಪ ಕೂಗುವನು:

"ಎಡಗಡೆ ನೋಡ್ಲಾ ಮಗಾ!"

ಅಣ್ಣ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲನ್ನು ಪಟಪಟ ಬಡಿದು ಉತ್ತರ ಕೊಡುವನು:

"ಓಗ್ಲಿ, ಓಗ್ಲಿ!"

ಇದನ್ನು ನಾನು ಕೇಳಿದ್ದು ನಮ್ಮ ಬೀದಿಯ ಮೂಲೆಯಲ್ಲಿ ನಿಂತು. ನನ್ನನ್ನು ಒಮ್ಮೆಯೂ ಹತ್ತಿಸಿಕೊಳ್ಳಲಿಲ್ಲ. ಹೆಣ್ಣು ಮಗೀಗ್ಯಾಕೆ ಲಾರಿ ಎಂದು ಅವ್ವ, ಅಳ್ಬ್ಯಾಡ ಬರುವಾಗ ಕಬ್ಬು ತತ್ತೀನಿ ಎಂದು ಅಪ್ಪ. ನಾನು ಹೊಟ್ಟೆಕಿಚ್ಚಿನಿಂದ ಅಳುತ್ತಿದ್ದೆ. ಕಬ್ಬು ಬಂದರೆ ತಿನ್ನುತ್ತಲೂ ಇದ್ದೆ.

ಕಂಪ್ಯೂಟರು ಬಂದದ್ದು ಅವ್ವನ ತಮ್ಮ ಕುಮಾರಮಾವನಿಂದ. ಕೆ.ಆರ್. ಪೇಟೆಯಲ್ಲಿ ಅವನದೊಂದು ಇಂಟರ್ನೆಟ್ ಸೆಂಟರ್ ಇತ್ತು. ಎಲ್ಲರ ಕೈಗೂ ಮೊಬೈಲು ಬಂದಮೇಲೆ ನೊಣ ಹೊಡೆಯುವ ಹಾಗಾಯಿತು. ಮುಚ್ಚುವಾಗ ಒಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದು ಅಣ್ಣನಿಗೆ ಕೊಟ್ಟ. ಕಂಪನಿಯವರೇ ಜೋಡಿಸಿ ಮುಚ್ಚಿ ಕೊಟ್ಟಿದ್ದ ಗಿಡ್ಡ ಕಪ್ಪು ಡಬ್ಬ. ಆಫೀಸಿನಲ್ಲಿ ಪತ್ರ ಟೈಪು ಮಾಡುವುದಕ್ಕೆಂದೇ ಹುಟ್ಟಿದ್ದು, ಅದಕ್ಕಿಂತ ಹೆಚ್ಚಿನದನ್ನು ಹೇಳಿದರೆ ಏದುಸಿರು ಬಿಡುತ್ತಿತ್ತು. ಅಣ್ಣ ಅದನ್ನು ರಾಗಿ ಚೀಲಗಳ ಪಕ್ಕ ಇಟ್ಟು, ಯಾರಿಂದಲೋ ಒಂದು ಆಟ ತಂದು ಹಾಕಿದ. ಗುಂಡು ಹೊಡೆಯುವುದಲ್ಲ, ಚೆಂಡಾಟವಲ್ಲ. ಲಾರಿ ಓಡಿಸುವ ಆಟ. ಯಾವುದೋ ದೇಶದ ರಸ್ತೆ, ಇಪ್ಪತ್ತು ಚಕ್ರದ ಲಾರಿ, ಒಂದು ಊರಿನಲ್ಲಿ ಹೊರೆ ತುಂಬಿಕೊಂಡು ಇನ್ನೊಂದು ಊರಿಗೆ ಮುಟ್ಟಿಸುವುದು, ಅಷ್ಟೇ. ಸ್ನೇಹಿತರು ನಗುತ್ತಿದ್ದರು. ಅವ್ವನಂತೂ ಕೋಣೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು ಬೈದೂ ಬೈದೂ ಸುಸ್ತಾಗಿ, ಕೊನೆಗೆ ಮುದ್ದೆ ಸಾರನ್ನು ಕೀಲಿಮಣೆಯ ಪಕ್ಕದಲ್ಲೇ ಇಟ್ಟು ಹೋಗುತ್ತಿದ್ದಳು. ನಾಲ್ಕೂ ಜನ ಕೂತು ಉಣ್ಣುತ್ತಿದ್ದ ಮನೆಯಲ್ಲಿ ಹೀಗೆ ಒಂದು ಜಾಗ ಖಾಲಿಯಾದದ್ದು ಆ ಡಬ್ಬದಿಂದಲೇ ಎಂದು ಅವಳಿಗೆ ಅದರ ಮೇಲೆ ಹಗೆ.

ಆದರೆ ಆಟ ಓಡುತ್ತಿರಲಿಲ್ಲ. ಲಾರಿ ಒಂದು ಮಾರು ಮುಂದೆ ಹೋಗಿ ನಿಲ್ಲುವುದು, ಪರದೆ ಕಲ್ಲಾಗುವುದು, ಮತ್ತೆ ಇನ್ನೊಂದು ಮಾರು. ಅಣ್ಣ ಆ ಕಲ್ಲಾದ ಪರದೆಯನ್ನೇ ಪ್ರೀತಿಯಿಂದ ನೋಡುತ್ತ ಕೂರುತ್ತಿದ್ದ. ಒಂದು ಸಂಜೆ ಅಪ್ಪ ಕೈಕಾಲು ತೊಳೆದು ಒಳಗೆ ಬಂದಾಗ ಕೈಹಿಡಿದು ಕರೆದುಕೊಂಡು ಹೋದ.

"ಅಪ್ಪ, ಒಂದ್ಸಲ ಕೂತ್ಕಂಡು ಓಡ್ಸಪ್ಪ. ನಿಂಗೆ ಓಡ್ಸಕೇ ತಂದಿರದು."

ಅಪ್ಪ ಸ್ವಲ್ಪ ಹೊತ್ತು ನೋಡಿ ನಕ್ಕ.

"ನಿನ್ ಲಾರಿ ಕೆಟ್ಟು ನಿಂತೈತೆ ಕಣ್ಲಾ. ನಾನು ದಿನಾ ಓಡ್ಸದೇ ಸಾಲ್ದೆ ಇಲ್ಲೂ ಓಡ್ಸಬೇಕಾ?"

"ಇಲ್ಲ ಕಣಪ್ಪ, ಇದ್ಕೆ ರ‍್ಯಾಮು ಆಕಿ, ಚಿತ್ರ ಓಡ್ಸಕೇ ಅಂತ ಒಂದು ಕಾರ್ಡು ಆಕುದ್ರೆ ಬೆಣ್ಣೆಯಂಗೆ ಓಯ್ತದೆ. ಮೈಸೂರಲ್ಲಿ ಹಳೇವು ಸಿಗ್ತವೆ. ಒಸಾ ಕಂಪ್ಯೂಟರ್ ಬ್ಯಾಡ, ಇದ್ಕೇ ಆಕಸ್ಕೊಡು."

"ಕಬ್ಬು ಮುಗೀಲಿ, ನೋಡುವ ಬುಡು."

ಕಬ್ಬು ಮುಗಿಯಿತು. ಮಳೆಗಾಲ ಬಂತು. ಅಣ್ಣನಿಗೆ ಜ್ವರ ಬಂತು. ಎರಡು ದಿನ ಮನೆಯಲ್ಲಿ ಕಷಾಯ, ಆಮೇಲೆ ಊರಿನ ಡಾಕ್ಟರು, ಆಮೇಲೆ ಮೈಸೂರು. ಅಲ್ಲಿಂದ ಅವನನ್ನು ಅಪ್ಪನ ಲಾರಿಯಲ್ಲೇ ತಂದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಆಗ ನಾನು ಹೈಸ್ಕೂಲಿಗೆ ಕಾಲಿಟ್ಟಿದ್ದೆ. ಕೋಣೆಯಲ್ಲಿ ಕೀಲಿಮಣೆಯ ಸಂದಿಗಳಲ್ಲಿ ರಾಗಿ ಮುದ್ದೆಯ ಚೂರುಗಳು ಒಣಗಿ ಕೂತಿದ್ದವು. ಅವ್ವ ಆ ಕೋಣೆಯ ಬಾಗಿಲಿಗೆ ಚಿಲಕ ಹಾಕಿದಳು, ರಾಗಿ ಚೀಲಗಳನ್ನು ನಡುಮನೆಗೆ ಎಳೆದು ತಂದಳು.

ಮೊದಲ ಪಕ್ಷಕ್ಕೆ ಅಪ್ಪ ಅಣ್ಣನಿಗೆಂದು ಜೀನ್ಸು, ಟೀ ಶರ್ಟು ತಂದ. ಎಲ್ಲ ಇಟ್ಟಾದ ಮೇಲೆ ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಟೀ ಶರ್ಟಿನ ಮೇಲಿಟ್ಟ. ಹಸಿರು ಪಟ್ಟಿ, ಕಪ್ಪು ಚಿಪ್ಪುಗಳು. ಅವನೇ ಮೈಸೂರಿಗೆ ಹೋಗಿ ಯಾವುದೋ ಅಂಗಡಿಯಲ್ಲಿ ರ‍್ಯಾಮು ಕೊಡಿ ಎಂದು ಕೇಳಿ ತಂದಿದ್ದ. ಅವ್ವ ಅದಕ್ಕೂ ಅರಿಸಿನ ಕುಂಕುಮ ಇಟ್ಟಳು, ಯಾಕೆ ಏನು ಎಂದು ಕೇಳಲಿಲ್ಲ. ಬಾಗಿಲು ಮುಚ್ಚಿದೆವು, ಕಾದೆವು, ತೆರೆದೆವು. ಊಟವಾದ ಮೇಲೆ ಅಪ್ಪ ಕೋಣೆಯ ಚಿಲಕ ತೆಗೆದು ನನ್ನನ್ನು ಕರೆದ. ಅಣ್ಣ ಡಬ್ಬ ಬಿಚ್ಚುವಾಗಲೆಲ್ಲ ಟಾರ್ಚು ಹಿಡಿಯುತ್ತಿದ್ದವಳು ನಾನೇ, ಎಲ್ಲಿ ಸಿಕ್ಕಿಸುವುದು ಎಂದು ಗೊತ್ತಿತ್ತು. ಆದರೆ ಪಟ್ಟಿ ಕೂರಲಿಲ್ಲ. ಅದರ ಕಚ್ಚು ಒಂದು ಕಡೆ, ಡಬ್ಬದೊಳಗಿನ ಕಚ್ಚು ಇನ್ನೊಂದು ಕಡೆ. ಆ ಹಳೆಯ ಮಿಷನ್ನಿಗೆ ಹಳೆಯ ಕಾಲದ ಪಟ್ಟಿಯೇ ಬೇಕು, ಅಪ್ಪ ತಂದದ್ದು ಹೊಸ ಕಾಲದ್ದು. ತಿರುಗಿಸಿ ನೋಡಿದೆ, ಅಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ಕೂರಲಿಲ್ಲ.

"ನಾಳೆ ಅಂಗ್ಡಿಗೆ ಕೊಟ್ಟು ಬದ್ಲಾಯ್ಸ್ಕಂಡು ಬಾಪ್ಪ."

ಬಾಗಿಲಲ್ಲಿ ನಿಂತಿದ್ದ ಅವ್ವ ಕಿರುಚಿದಳು:

"ಎಡೆಗಿಕ್ಕಿದ್ದ ಅಂಗ್ಡೀಗೆ ವಾಪಸ್ ಕೊಟ್ಟಾರೇನೆ? ಮಗೀನ ಬಾಯಿಂದ ಕಿತ್ಕಂಡಂಗೆ. ತರಕ್ ಮುಂಚೆ ನೋಡ್ಬೇಕಿತ್ತು!"

"ಎಂಗೆ ನೋಡ್ಲಿ?" ಅಪ್ಪನ ದನಿ ಸಣ್ಣಗಿತ್ತು. "ಮೊದ್ಲು ಆಕಿ ನೋಡುದ್ರೆ ಎಂಜಲಾಯ್ತಿರ್ನಿಲ್ವಾ?"

ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ಅಪ್ಪ ಅದನ್ನು ಮೊದಲೇ ತಂದು ಬಚ್ಚಿಟ್ಟುಕೊಂಡಿದ್ದ, ಹಾಕಿ ನೋಡಲು ಬೇಕಾದಷ್ಟು ಹೊತ್ತಿತ್ತು. ಸಾರಿಗೆ ಉಪ್ಪು ನೋಡದ ಹಾಗೆ ಅದನ್ನೂ ನೋಡಿರಲಿಲ್ಲ. ಅವತ್ತು ಜೀನ್ಸನ್ನು ಪಕ್ಷಕ್ಕೆ ಬಂದಿದ್ದ ಕುಮಾರಮಾವ ತೊಟ್ಟ, ವಡೆಯನ್ನು ನಾವು ತಿಂದೆವು. ಆ ಹಸಿರು ಪಟ್ಟಿ ಮಾತ್ರ ಕುಂಕುಮದೊಂದಿಗೆ ಅಣ್ಣನ ಫೋಟೋದ ಕೆಳಗೆ ಉಳಿಯಿತು. ಅಪ್ಪ ದಿನಾ ಲಾರಿಗೆ ಹೋಗುವ ಮುಂಚೆ ಅದನ್ನು ನೋಡುತ್ತಿದ್ದ. ಒಂದು ದಿನ ಶೂ ಹಾಕಿಕೊಳ್ಳುತ್ತ ನನಗೆ ಹೇಳಿದ, "ಅವ್ನು ಮುಟ್ನಿಲ್ಲ ಕಣವ್ವಾ. ಅವ್ನು ಬಾಯ್ಬುಟ್ಟು ಕೇಳಿದ್ದು ಇದೊಂದೇಯ." ಆ ವರ್ಷವೆಲ್ಲ ಮನೆಯಲ್ಲಿ ಜಗಳ. ಅವ್ವ ಡಬ್ಬವನ್ನು ಗುಜರಿಗೆ ಹಾಕು ಎನ್ನುವಳು. ಮಗನನ್ನು ಊಟದ ಸಾಲಿನಿಂದ ಎಬ್ಬಿಸಿದ್ದು ಅದು, ಸತ್ತಮೇಲೂ ಅದಕ್ಕೇ ಸೇವೆಯೇ ಎನ್ನುವಳು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಜಗಳಕ್ಕಿಂತ ಅವನ ಮೌನವೇ ನನಗೆ ಹೆಚ್ಚು ಭಯ. ಆ ಭಯಕ್ಕೇ ನಾನು ಕೋಣೆಗೆ ಹೋಗಿ ಡಬ್ಬ ಬಿಚ್ಚತೊಡಗಿದೆ. ಏನು ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಯಾವುದು ಸೇರುತ್ತದೆ ಎಂದು ಕುಮಾರಮಾವನಿಗೆ ಫೋನಿನಲ್ಲಿ ಕೇಳಿ ಕೇಳಿ ಕಾಡಿದೆ. ಧೂಳು ಊದಿದೆ. ಮುದ್ದೆಯ ಚೂರುಗಳನ್ನು ಮಾತ್ರ ತೆಗೆಯಲಿಲ್ಲ.

ಎರಡನೇ ಪಕ್ಷಕ್ಕೆ ಸ್ವಲ್ಪ ದಿನ ಇರುವಾಗ ಅಪ್ಪ ನನ್ನನ್ನು ಮೈಸೂರಿಗೆ ಕರೆದ. ಲಾರಿ ಆ ಕಡೆಗೇ ಖಾಲಿ ಹೊರಟಿತ್ತು, ನಾನು ಲಾರಿಯಲ್ಲೇ ಬರುತ್ತೇನೆ ಎಂದೆ.

"ಆ ಸೀಟು ಬ್ಯಾಡ ಕಣವ್ವಾ," ಎಂದ ಅಪ್ಪ. ಲಾರಿಯನ್ನು ಅವತ್ತು ಬೇರೊಬ್ಬ ಡ್ರೈವರಿನ ಕೈಗೆ ಕೊಟ್ಟು, ನಾವು ಶ್ರೀರಂಗಪಟ್ಟಣದ ಮೇಲೆ ಬಸ್ಸಿನಲ್ಲಿ ಹೋದೆವು. ಹಳೆಯ ಸಾಮಾನಿನ ಅಂಗಡಿಯವರು ನಮ್ಮ ಡಬ್ಬದ ಫೋಟೋ ನೋಡಿ ತಲೆಯಾಡಿಸಿದರು. ಇದು ಗಿಡ್ಡ ಡಬ್ಬ, ಒಳ್ಳೆಯ ಕಾರ್ಡು ಇದರಲ್ಲಿ ಹಿಡಿಸುವುದಿಲ್ಲ; ಹಿಡಿಸಿದರೂ ಇದರೊಳಗಿನ ಪವರ್ ಸಪ್ಲೈಗೆ ಅದನ್ನು ಸಾಕುವ ಶಕ್ತಿಯಿಲ್ಲ. ಇದಕ್ಕೆ ಸುರಿಯುವ ಬದಲು ಬೇರೆ ತಗೊಳ್ಳಿ ಸಾರ್, ಸೆಕೆಂಡ್ ಹ್ಯಾಂಡ್ ಒಳ್ಳೇದು ಕೊಡ್ತೀನಿ ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ, ಇವತ್ತು ನನ್ನ ಅಂಗಡಿಗೆ ಬಂದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅಪ್ಪ ಒಪ್ಪಲಿಲ್ಲ.

"ಬ್ಯಾರೆ ಬ್ಯಾಡ ಸ್ವಾಮಿ. ಅವ್ನು ಇದ್ಕೇ ಆಕ್ಸು ಅಂದಿದ್ದ."

ಕಚ್ಚು ಹೊಂದುವ ಹಳೆಯ ರ‍್ಯಾಮು, ಬಳಸಿದ ಕಾರ್ಡೊಂದು, ಅದಕ್ಕೆ ತಕ್ಕ ಪವರ್ ಸಪ್ಲೈ, ಎಲ್ಲವನ್ನೂ ನಾನೇ ಆರಿಸಿದೆ. ಅಪ್ಪ ನನ್ನ ಮುಖ ನೋಡಿ ನೋಡಿ ತಲೆಯಾಡಿಸುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದ. ಅಣ್ಣ ಕೇಳಿದಾಗಲೇ ತಂದಿದ್ದರೂ ಇಷ್ಟೇ ಖರ್ಚಾಗುತ್ತಿತ್ತಲ್ಲ ಎಂದು ಅವನಿಗೆ ಅನಿಸುತ್ತಿತ್ತೇನೋ, ನನಗಂತೂ ಅನಿಸಿತು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಕಾರ್ಡು ನಿಜಕ್ಕೂ ಹಿಡಿಸಲಿಲ್ಲ. ಅಪ್ಪ ಲಾರಿಯ ಟೂಲ್ಸ್ ಪೆಟ್ಟಿಗೆಯಿಂದ ಗರಗಸದ ಬ್ಲೇಡು ತಂದು, ಡಬ್ಬದ ತಗಡನ್ನು ನಾನು ಗೆರೆ ಎಳೆದ ಕಡೆ ಕೊಯ್ದ. ಲಾರಿಯ ಬಾಡಿ ಕೊಯ್ದು ಕಟ್ಟಿ ಪಳಗಿದ ಕೈ, ಚೂರೂ ಅದುರಲಿಲ್ಲ. ಆದರೆ ತಗಡು ಕೀರಿದ ಸದ್ದಿಗೆ ಅವ್ವ ಅಡುಗೆಮನೆಯಿಂದ ಓಡಿ ಬಂದು, "ಕುಯ್ಬ್ಯಾಡಿ, ಕುಯ್ಬ್ಯಾಡಿ" ಎಂದು ಅತ್ತಳು. ಅಷ್ಟು ದಿನ ಗುಜರಿಗೆ ಹಾಕು ಎಂದವಳು ಅವಳೇ. ಪವರ್ ಸಪ್ಲೈ ಒಳಗೆ ಕೂರದೆ ಹೊರಗೇ ಉಳಿಯಿತು, ಕೊಯ್ದ ತೂತಿನಿಂದ ವೈರುಗಳು ಒಳಗೆ ಹೋದವು. ನೋಡಲು ಆಸ್ಪತ್ರೆಯಲ್ಲಿ ಮಲಗಿದವರ ಹಾಗಿತ್ತು, ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಈಗ ಹಳೆಯ ಪ್ರಶ್ನೆಯೇ ಬಂತು. ಹಾಕಿ ನೋಡದೆ ಎಡೆಗಿಟ್ಟರೆ ಹೋದ ವರ್ಷದ ಪಾಡು. ಹಾಕಿ ಆಡಿ ನೋಡಿದರೆ ಎಂಜಲು. ನಾನು ನೋಡಲೇಬೇಕು ಎಂದೆ, ಅಪ್ಪ ಕೂಡದು ಎಂದ. ಬಳಸಿದ ಸಾಮಾನು, ಕೆಟ್ಟಿದ್ದರೆ ಏನು ಮಾಡುತ್ತಿ ಎಂದು ನಾನು ಕೂಗಾಡಿದೆ. ಅಪ್ಪನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅವನಿಗೆ ಕೋಪ ಬರಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ.

"ಈ ಸಲನೂ ಅವ್ನು ಅಂಗೇ ಓಗ್ಬುಟ್ರೆ ನಾನೇನ್ ಮಾಡ್ಲವ್ವಾ?"

ಅವ್ವ ರಾಗಿ ಕೇರುತ್ತ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಉಪ್ಪು ನೋಡಂಗಿಲ್ಲ. ಅಕ್ಕಿ ಬೆಂದೈತಾ ಅಂತ ನಾನು ಅಗುಳು ಇಸುಕಿ ನೋಡಕಿಲ್ವಾ? ಬೆಂದಿದ್ದ ನೋಡದು ತಪ್ಪಲ್ಲ, ಬಾಯ್ಗಿಕ್ಕದು ತಪ್ಪು. ನೋಡ್ಕಳಿ. ಆಡ್ಬ್ಯಾಡಿ."

ಅಪ್ಪ ಪ್ಲಗ್ಗು ಸಿಕ್ಕಿಸಿದ. ನಾನು ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು, ಆಟ ತೆರೆಯಿತು, ಲಾರಿ ಗೋದಾಮಿನ ಅಂಗಳದಲ್ಲಿ ಕಲ್ಲಾಗದೆ ನಿಂತುಕೊಂಡಿತು. ಅಷ್ಟೇ, ಆರಿಸಿಬಿಟ್ಟೆ. ಬೆರಳು ಬಾಣದ ಗುರುತಿನ ಕೀಲಿಯ ಮೇಲೇ ಇತ್ತು, ಒತ್ತಬೇಕೆಂದು ಎಷ್ಟು ಆಸೆಯಾಯಿತೆಂದರೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಈಗಲೂ ಗಿರಾಕಿಯ ಮಿಷನ್ನು ಸರಿಯಾದಾಗ ನಾನು ಅದನ್ನು ಬೆಂದಿದೆಯೇ ಎಂದು ಮಾತ್ರ ನೋಡುತ್ತೇನೆ. ಅವರ ಆಟ, ಅವರ ಫೋಟೋ, ಏನನ್ನೂ ತೆರೆಯುವುದಿಲ್ಲ.

ಎಡೆಯ ದಿನ ಕಂಪ್ಯೂಟರನ್ನು ನಡುಮನೆಗೆ ತಂದು ಅಣ್ಣನ ಫೋಟೋದ ಮುಂದೆ ಮಣೆಯ ಮೇಲಿಟ್ಟೆವು. ಪಕ್ಕದಲ್ಲಿ ಬಾಳೆಲೆ, ಕಜ್ಜಾಯ, ಕೋಳಿಸಾರು. ಅವ್ವ ಮುದ್ದೆಯ ತಟ್ಟೆಯನ್ನು ಎಲೆಯ ಮೇಲಿಡಲಿಲ್ಲ, ಕೀಲಿಮಣೆಯ ಪಕ್ಕ ಇಟ್ಟಳು. ಕೊಯ್ದ ತಗಡಿಗೆ ಕುಂಕುಮ ಹಚ್ಚಿದಳು. ನಾನು ಆಟ ತೆರೆದು ಲಾರಿಯನ್ನು ಸ್ಟಾರ್ಟು ಮಾಡಿ ಬಿಟ್ಟೆ. ಆ ಗೋದಾಮಿನಲ್ಲಿ ಆಗ ಒಳ್ಳೆ ಬಿಸಿಲಿತ್ತು. ಅಪ್ಪ ಸಾಂಬ್ರಾಣಿ ಹಾಕಿದ, ನಾವು ಹೊರಗೆ ಬಂದೆವು, ಬಾಗಿಲು ಮುಚ್ಚಿತು. ಜಗಲಿಯ ಮೇಲೆ ಕೂತರೆ ಒಳಗಿನಿಂದ ಇಂಜಿನ್ನಿನ ಗುರುಗುರು ಸದ್ದು ಕೇಳುತ್ತಿತ್ತು. ಬೇರೆ ವರ್ಷಗಳಲ್ಲಿ ಹೀಗೆ ಕಾಯುವಾಗ ನಾವು ಮಾತಾಡುತ್ತಿದ್ದೆವು. ಅವತ್ತು ಅಪ್ಪ ಕಿವಿ ಕೊಟ್ಟು ಕೂತಿದ್ದ. ಸದ್ದು ಏರುತ್ತದೆಯೇ, ಗೇರು ಬೀಳುತ್ತದೆಯೇ ಎಂದು ಅವನು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ನಾನೂ ಅದನ್ನೇ ಕೇಳುತ್ತಿದ್ದೆ. ಇಂಜಿನ್ನು ಒಂದೇ ಸಮನೆ ಗುರುಗುಟ್ಟಿತು, ಅಷ್ಟೇ.

ಬಾಗಿಲು ತೆರೆದಾಗ ಲಾರಿ ನಿಂತಲ್ಲೇ ನಿಂತಿತ್ತು. ಆಟದಲ್ಲಿ ಮಾತ್ರ ಹೊತ್ತು ಮುಳುಗಿತ್ತು. ಗೋದಾಮಿನ ದೀಪಗಳು ಹತ್ತಿಕೊಂಡಿದ್ದವು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕತ್ಲಾಗೋಗೈತೆ. ಯಾರೂ ಬರ್ನಿಲ್ವಾ?"

ನಾನು ಮನಸ್ಸಿನಲ್ಲಿ ಆ ಕಾರ್ಡನ್ನೂ ಅಂಗಡಿಯನ್ನೂ ನನ್ನನ್ನೂ ಶಪಿಸಿಕೊಂಡೆ. ಎಲ್ಲ ಸರಿಯಾಗಿ ಕೂತಿತ್ತು, ಎಲ್ಲ ಬೆಂದಿತ್ತು. ಆದರೂ ಅಣ್ಣ ಬಂದಿರಲಿಲ್ಲ, ಯಾವತ್ತೂ ಬರುವವನಲ್ಲ. ಅದು ನನಗೆ ಅರ್ಥವಾದದ್ದು ಆ ಬಾಗಿಲಲ್ಲಿ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಎಲೆಯಿಂದ ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡ. ತಾತನ ಬೀಡಿಯ ಕಟ್ಟನ್ನು ಜೇಬಿಗಿಟ್ಟುಕೊಂಡ. ಆಮೇಲೆ ಚಕ್ಕಳಮಕ್ಕಳ ಹಾಕಿ ಕಂಪ್ಯೂಟರಿನ ಮುಂದೆ ಕೂತ.

"ಎಡೆ ಆದ್ಮೇಲೆ ಮನೇರು ಉಣ್ಬೇಕಲ್ವಾ. ಎಂಗವ್ವಾ ಇದು? ಬ್ರೇಕ್ ಯಾವ್ದು?"

ನಾನು ಅವನ ಎಡಮಗ್ಗುಲಿಗೆ ಒಂದು ಮಣೆ ಎಳೆದುಕೊಂಡು ಕೂತು ಕೀಲಿಗಳನ್ನು ತೋರಿಸಿದೆ. ಇದು ಮುಂದಕ್ಕೆ, ಇದು ಬ್ರೇಕು, ಇವೆರಡು ತಿರುಗಿಸಲು. ಅಷ್ಟು ವರ್ಷ ಕಬ್ಬಿನ ಲಾರಿ ಓಡಿಸಿದ ಕೈ ಆ ಸಣ್ಣ ಕೀಲಿಗಳ ಮೇಲೆ ದಾರಿ ತಪ್ಪಿತು. ಲಾರಿ ಗೋದಾಮಿನ ಗೋಡೆಗೆ ತಾಗಿತು, ಹಿಂದೆ ಬಂತು, ಗೇಟಿನ ಕಂಬ ಸವರಿತು. ಅಣ್ಣನ ಕಾಲದ ಹಾಗೆ ಒಂದು ಕಡೆಯೂ ನಿಲ್ಲಲಿಲ್ಲ, ಅವನು ಹೇಳಿದ ಹಾಗೆ ಬೆಣ್ಣೆಯಂತೆ ಹೋಗುತ್ತಿತ್ತು. ಅವ್ವ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಪ್ಪನ ಬಾಯಿಗೆ ಇಡುತ್ತಿದ್ದಳು. ಗೇಟು ದಾಟಿ ದೊಡ್ಡ ರಸ್ತೆಗೆ ಸೇರುವ ತಿರುವು ಬಂತು. ಅಪ್ಪ ನಿಧಾನ ಮಾಡಿದ. ಕುತ್ತಿಗೆ ಸ್ವಲ್ಪ ಮುಂದೆ ಚಾಚಿದ. ಕಣ್ಣು ಪರದೆಯ ಮೇಲೇ ಇತ್ತು.

"ಎಡಗಡೆ ನೋಡ್ಲಾ ಮಗಾ," ಎಂದುಬಿಟ್ಟ.

ಅವ್ವನ ಕೈ ಅಲ್ಲೇ ನಿಂತಿತು. ಅಪ್ಪನ ಬೆರಳು ಕೀಲಿ ಬಿಟ್ಟಿತು. ಲಾರಿ ಗುರುಗುಟ್ಟುತ್ತ ತಿರುವಿನಲ್ಲಿ ನಿಂತಿತ್ತು, ಅವನು ಮುಂದೆ ಹೋಗಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ನಾನು ಕೂತಿದ್ದ ಮಣೆಯ ಅಂಚನ್ನು ಅಂಗೈಯಿಂದ ಎರಡು ಸಲ ಬಡಿದೆ.

"ಓಗ್ಲಿ," ಎಂದೆ. "ಓಗ್ಲಿ, ಅಪ್ಪ."